ಬಾಣಂತಿಯ ಪ್ರಾಣ ಕಾಯುವ ಒಂಬತ್ತು ಮಣಿಗಳ ಸರ



ಮಗು ಹುಟ್ಟಿ ಅತ್ತ ಕೂಡಲೆ 'ಹೆರಿಗೆ ಸುಖವಾಗಿ ಆಯಿತು' ಎಂದು ಮನೆಯವರೆಲ್ಲರೂ ನೆಮ್ಮದಿಯ ಉಸಿರು ಬಿಡುವುದು ವಾಡಿಕೆ. ಆದರೆ ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಹೆರಿಗೆ ಆಗ ಇನ್ನೂ ಮುಗಿದಿರುವುದಿಲ್ಲ. ಮಾಸು ಬೀಳಬೇಕು, ಗರ್ಭಕೋಶ ಬಿಗಿಯಬೇಕು, ರಕ್ತ ನಿಲ್ಲಬೇಕು. ತಾಯಂದಿರ ಸಾವಿಗೆ ಕಾರಣವಾಗುವ ತೊಂದರೆಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವವು ಇಂದಿಗೂ ಪ್ರಮುಖವಾದುದಾಗಿದೆ.

ಈ ಅಪಾಯವನ್ನು ತಡೆಯಲು ಮಗು ಹುಟ್ಟಿದ ಒಂದು ನಿಮಿಷದೊಳಗಾಗಿ ತಾಯಿಗೆ ಒಂದು ಚುಚ್ಚುಮದ್ದನ್ನು ಕೊಡಲಾಗುತ್ತದೆ. ಅದರ ಹೆಸರು ಆಕ್ಸಿಟೋಸಿನ್. 'ಸೂಜಿಯೇ ಏಕೆ, ಮಾತ್ರೆ ಕೊಡಬಾರದೆ? ಅದನ್ನು ಮನೆಯಲ್ಲಿಯೇ ತಂದಿಟ್ಟುಕೊಳ್ಳಬಾರದೆ? ಹೆರಿಗೆ ಬೇಗ ಆಗಲೆಂದು ಮೊದಲೇ ಹಾಕಬಾರದೆ?' ಎಂದು ಅನೇಕ ದಂಪತಿಗಳು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಗಳೇ ಇವು. ಆ ಮದ್ದು ಎಂತಹ ವಸ್ತು, ಅದು ಮಾಡುವ ಕೆಲಸವೇನು ಎಂಬುದನ್ನು ಅರಿತರೆ ಮೂರಕ್ಕೂ ಉತ್ತರ ದೊರೆಯುತ್ತದೆ.

ರಕ್ತ ನಿಲ್ಲುವುದು ಹೇಗೆ?

ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ಪ್ರತಿ ನಿಮಿಷವೂ ಸುಮಾರು ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗುವಿನ ಪೋಷಣೆಗೆ ಇದು ಅವಶ್ಯಕ. ಮಗು ಹುಟ್ಟಿ ಮಾಸು ಕಳಚಿಕೊಂಡಾಗ, ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತವೆ. ಅವುಗಳನ್ನು ಮುಚ್ಚುವ ಕೆಲಸ ಗರ್ಭಕೋಶದ ಸ್ನಾಯುಗಳದ್ದು. ಒಂದರ ಮೇಲೊಂದು ಹೆಣೆದುಕೊಂಡಿರುವ ಆ ಸ್ನಾಯುಗಳು ಬಿಗಿಯಾದಾಗ, ಕುಣಿಕೆ ಬಿಗಿದಂತೆ ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತವೆ. ಗರ್ಭಕೋಶ ಸಡಿಲವಾಗಿಯೇ ಉಳಿದರೆ ಕೆಲವೇ ನಿಮಿಷಗಳಲ್ಲಿ ತಾಯಿಯ ಪ್ರಾಣಕ್ಕೆ ಸಂಚಕಾರ ಬರಬಹುದು.

ಬಿಗಿಯುವಂತೆ ಆಜ್ಞೆ ಮಾಡುವ ವಸ್ತುವೇ ಆಕ್ಸಿಟೋಸಿನ್. ಇದು ತಾಯಿಯ ಮೆದುಳಿನಲ್ಲಿ ತಾನಾಗಿಯೇ ಉತ್ಪತ್ತಿಯಾಗಿ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿಯಿಂದ ರಕ್ತಕ್ಕೆ ಸೇರುತ್ತದೆ. ಕರುವನ್ನು ಬಿಟ್ಟ ಮೇಲೆಯೇ ಹಸು ಹಾಲು ಇಳಿಸುವುದನ್ನು ತಾವೆಲ್ಲರೂ ಕಂಡಿದ್ದೀರಿ. ಹಸುವಿನಲ್ಲಿ ಹಾಲು ಇಳಿಸುವುದೂ ಇದೇ ವಸ್ತು. ತಾಯಿಯ ಎದೆಗೆ ಮಗು ಬಾಯಿಟ್ಟಾಗಲೂ ಹೀಗೆಯೇ ಆಗುತ್ತದೆ; ಹಾಲು ಇಳಿಯುವುದರ ಜೊತೆಗೆ ಗರ್ಭಕೋಶವೂ ಬಿಗಿಯುತ್ತದೆ. ಆದರೆ ಎಲ್ಲ ತಾಯಂದಿರಲ್ಲಿಯೂ ಇದು ಸಾಕಷ್ಟು ವೇಗವಾಗಿ, ಸಾಕಷ್ಟು ಬಲವಾಗಿ ನಡೆಯುವುದಿಲ್ಲ. ಯಾರಲ್ಲಿ ನಡೆಯುವುದಿಲ್ಲವೆಂದು ಮುಂಚಿತವಾಗಿ ಹೇಳಲೂ ಬರುವುದಿಲ್ಲ. ಆದುದರಿಂದಲೇ ಹೆರಿಗೆಯಾದ ಪ್ರತಿಯೊಬ್ಬ ತಾಯಿಗೂ 10 ಯೂನಿಟ್ ಆಕ್ಸಿಟೋಸಿನ್ ಕೊಡುವ ಕ್ರಮವಿದೆ.

ಮಣಿಸರದಂತಹ ಮದ್ದು

ಪಿಟ್ಯುಟರಿ ಗ್ರಂಥಿಯ ರಸವು ಗರ್ಭಕೋಶವನ್ನು ಬಿಗಿಯುವಂತೆ ಮಾಡುತ್ತದೆಂಬುದನ್ನು 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಪ್ರಕಟಿಸಿದರು. ಮುಂದೆ ಅನೇಕ ವರ್ಷಗಳ ಕಾಲ ಪ್ರಾಣಿಗಳ ಗ್ರಂಥಿಯಿಂದ ತೆಗೆದ ರಸವನ್ನೇ ಹೆರಿಗೆಗಳಲ್ಲಿ ಬಳಸುತ್ತಿದ್ದರು. 1953ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡು ವಿನ್ಯೋ ಎಂಬ ವಿಜ್ಞಾನಿ ಅದರ ರಚನೆಯನ್ನು ಬಿಡಿಸಿ, ಪ್ರಯೋಗಶಾಲೆಯಲ್ಲಿಯೇ ಅದನ್ನು ತಯಾರಿಸಿ ತೋರಿಸಿದರು. ಈ ಸಾಧನೆಗಾಗಿ 1955ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಈ ಮದ್ದಿಗಾಗಿ ಯಾವ ಪ್ರಾಣಿಯ ಗ್ರಂಥಿಯೂ ಬೇಕಿಲ್ಲ. ಅದನ್ನು ಕಾರ್ಖಾನೆಗಳಲ್ಲಿ ಶುದ್ಧರೂಪದಲ್ಲಿ ತಯಾರಿಸುತ್ತಾರೆ.

ಆ ರಚನೆ ಮಣಿಸರದಂತಿದೆ. ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳೇ ಇದರ ಮಣಿಗಳು. ನಮ್ಮ ಶರೀರದ ಪ್ರೋಟೀನುಗಳೆಲ್ಲವೂ ಇಂತಹ 20 ಬಗೆಯ ಮಣಿಗಳನ್ನು ಉದ್ದವಾಗಿ ಪೋಣಿಸಿದುದರಿಂದ ಆದವು. ಕೆಲವೇ ಮಣಿಗಳ ಗಿಡ್ಡ ಸರಕ್ಕೆ ಪೆಪ್ಟೈಡ್ ಎಂದು ಹೆಸರು. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ 51 ಮಣಿಗಳಿದ್ದರೆ, ಆಕ್ಸಿಟೋಸಿನ್‌ನಲ್ಲಿ ಇರುವುದು ಒಂಬತ್ತೇ. ಅವುಗಳಲ್ಲಿ ಒಂದನೆಯ ಮತ್ತು ಆರನೆಯ ಮಣಿಗಳು ಗಂಧಕದ ಕೊಂಡಿಯಿಂದ ಸೇರಿಕೊಂಡು ಉಂಗುರದಂತಾಗಿವೆ. ಮಣಿಗಳ ಕ್ರಮ ಬಹು ಮುಖ್ಯ. ಒಂಬತ್ತರಲ್ಲಿ ಎರಡು ಮಣಿ ಬೇರೆಯಾದರೆ ಅದು ವ್ಯಾಸೊಪ್ರೆಸಿನ್ ಎಂಬ ಮತ್ತೊಂದು ವಸ್ತುವಾಗುತ್ತದೆ; ಅದರ ಮುಖ್ಯ ಕೆಲಸ ಶರೀರದಲ್ಲಿ ನೀರನ್ನು ಹಿಡಿದಿಡುವುದು.

ಮಾತ್ರೆಯಾಗಿ ಏಕಿಲ್ಲ?

ನಾವು ಉಂಡ ಬೇಳೆಯಲ್ಲಿ, ಕುಡಿದ ಹಾಲಿನಲ್ಲಿ ಇರುವುದೂ ಇಂತಹ ಮಣಿಗಳ ಸರಗಳೇ. ಅವುಗಳನ್ನು ಕತ್ತರಿಸಿ ಬಿಡಿಬಿಡಿಯಾಗಿಸುವುದೇ ಜೀರ್ಣರಸಗಳ ಕೆಲಸ. ಬೇಳೆ ಯಾವುದು, ಔಷಧ ಯಾವುದು ಎಂಬ ಭೇದವನ್ನು ಹೊಟ್ಟೆ ಅರಿಯದು. ನುಂಗಿದ ಆಕ್ಸಿಟೋಸಿನ್ ಉಂಡ ಅನ್ನದಂತೆ ಜೀರ್ಣವಾಗಿ ಹೋಗುತ್ತದೆ, ಗರ್ಭಕೋಶಕ್ಕೆ ಮುಟ್ಟುವುದಿಲ್ಲ. ಸ್ನಾಯುವಿಗೆ ಚುಚ್ಚಿದಾಗ ಹೊಟ್ಟೆಯ ದಾರಿ ತಪ್ಪಿ, ಮೂರರಿಂದ ಐದು ನಿಮಿಷಗಳಲ್ಲಿ ಕೆಲಸ ಆರಂಭವಾಗುತ್ತದೆ. ಸೂಜಿ ಅನಿವಾರ್ಯವಾದುದು ಇದಕ್ಕಾಗಿ.

ಪೆಪ್ಟೈಡ್ ಮದ್ದುಗಳನ್ನು ಹೊಟ್ಟೆಯ ಮೂಲಕ ದಾಟಿಸುವ ಪ್ರಯತ್ನಗಳೂ ನಡೆದಿವೆ. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಎಂಬ ಪೆಪ್ಟೈಡನ್ನು ಮಾತ್ರೆಯ ರೂಪದಲ್ಲಿ ಕೊಡಲು 2019ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಅದನ್ನು ಹೊಟ್ಟೆಯಲ್ಲಿ ಕಾಪಾಡಿ ರಕ್ತಕ್ಕೆ ಸೇರಿಸಲು ಜೊತೆಗೊಂದು ಸಹಾಯಕ ವಸ್ತುವನ್ನು ಬೆರೆಸಬೇಕಾಯಿತು. ಹಾಗಿದ್ದರೂ ನುಂಗಿದ ಮದ್ದಿನಲ್ಲಿ ರಕ್ತಕ್ಕೆ ಸೇರುವುದು ನೂರರಲ್ಲಿ ಸುಮಾರು ಒಂದು ಪಾಲು ಮಾತ್ರ. ನಿಮಿಷಗಳಲ್ಲಿ ಕೆಲಸ ಮಾಡಬೇಕಾದ ಹೆರಿಗೆಯ ಮದ್ದಿಗೆ ಇಂತಹ ನಿಧಾನದ ದಾರಿ ಒದಗುವುದಿಲ್ಲ.

ಮನೆಯಲ್ಲಿ ಏಕೆ ಇಡಬಾರದು?

ಆಕ್ಸಿಟೋಸಿನ್‌ನ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಬೇಕು. ವಾರಗಟ್ಟಲೆ, ತಿಂಗಳುಗಟ್ಟಲೆ ಸೆಕೆಯಲ್ಲಿ ಬಿದ್ದಿದ್ದರೆ ಅದರ ಶಕ್ತಿ ಕುಂದುತ್ತದೆ. ಹಾಲು ಕೆಟ್ಟರೆ ವಾಸನೆಯಿಂದ ಗೊತ್ತಾಗುತ್ತದೆ. ಈ ಮದ್ದು ಕೆಟ್ಟರೂ ನೋಡುವುದಕ್ಕೆ ನೀರಿನಂತೆ ತಿಳಿಯಾಗಿಯೇ ಇರುತ್ತದೆ. ಯಾರೋ ತಂದುಕೊಟ್ಟು ಗೋಡೆಯ ಗೂಡಿನಲ್ಲಿ ಇಟ್ಟ ಸೀಸೆಯನ್ನು ನಂಬಿ ಕುಳಿತರೆ, ರಕ್ತ ಹರಿಯುವ ಹೊತ್ತಿನಲ್ಲಿ ಅದು ಕೈಕೊಡಬಹುದು.

ಶೈತ್ಯದ ಈ ತೊಡಕನ್ನು ನೀಗಲು ವಿಜ್ಞಾನಿಗಳು ಸರದ ರಚನೆಯನ್ನೇ ತುಸು ಬದಲಿಸಿದ್ದಾರೆ. ಗಂಧಕದ ದುರ್ಬಲ ಕೊಂಡಿಯನ್ನು ಗಟ್ಟಿಗೊಳಿಸಿ ರೂಪಿಸಿದ ಈ ಪೆಪ್ಟೈಡಿನ ಹೆಸರು ಕಾರ್ಬಿಟೋಸಿನ್. ಸೆಕೆಯನ್ನು ತಡೆಯುವಂತೆ ತಯಾರಿಸಿದ ಈ ಮದ್ದನ್ನು ಭಾರತವೂ ಸೇರಿದಂತೆ 10 ದೇಶಗಳಲ್ಲಿ 29,000ಕ್ಕೂ ಹೆಚ್ಚು ತಾಯಂದಿರಲ್ಲಿ ಪರೀಕ್ಷಿಸಲಾಯಿತು. 500 ಮಿಲಿಲೀಟರು ಮತ್ತು ಅದಕ್ಕೆ ಮೀರಿದ ರಕ್ತಸ್ರಾವವನ್ನು ತಡೆಯುವಲ್ಲಿ ಅದು ಆಕ್ಸಿಟೋಸಿನ್‌ಗೆ ಕಡಿಮೆಯಲ್ಲವೆಂದು 2018ರಲ್ಲಿ ಪ್ರಕಟವಾಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಅದೂ ಚುಚ್ಚುಮದ್ದೇ. ಆಕ್ಸಿಟೋಸಿನ್ನನ್ನು ಪುಡಿಯಾಗಿಸಿ ಉಸಿರಿನ ಮೂಲಕ ಒಳಗೆ ಕಳುಹಿಸುವ ಸಂಶೋಧನೆಯನ್ನು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ಕೈಗೊಂಡಿದ್ದಾರೆ.

ನುಂಗುವ ಮಾತ್ರೆಯೊಂದು ಇದೆಯಾದರೂ ಅದು ಪೆಪ್ಟೈಡ್ ಅಲ್ಲ. ಮಿಸೊಪ್ರೊಸ್ಟಾಲ್ ಎಂಬ ಆ ಮದ್ದು ಬೇರೆ ಜಾತಿಯ ವಸ್ತುವಾದುದರಿಂದ ಜೀರ್ಣರಸಗಳು ಅದನ್ನು ಹೀಗೆ ಕತ್ತರಿಸಲಾರವು. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ 1,620 ತಾಯಂದಿರಲ್ಲಿ ಇದರ ಪರೀಕ್ಷೆ ನಡೆದು, ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಮದ್ದು ಪಡೆದವರಲ್ಲಿ ಅದು ನೂರಕ್ಕೆ ಸುಮಾರು 6ಕ್ಕೆ ಇಳಿಯಿತು. ಮಾತ್ರೆ ಕೊಟ್ಟವರು ತರಬೇತಿ ಪಡೆದ ಸಹಾಯಕ ದಾದಿಯರು ಎಂಬುದನ್ನು ಮರೆಯಬಾರದು. ಆಕ್ಸಿಟೋಸಿನ್ ದೊರೆಯುವೆಡೆಯಲ್ಲಿ ಇಂದಿಗೂ ಅದಕ್ಕೇ ಮೊದಲ ಸ್ಥಾನ.

ಮೊದಲೇ ಏಕೆ ಹಾಕಬಾರದು?

ಮೂರನೆಯ ಪ್ರಶ್ನೆಗೆ ಬಂದೆವು. ಇದರಲ್ಲಿಯೇ ಹೆಚ್ಚಿನ ಅಪಾಯವಿದೆ. ಮಗು ಹುಟ್ಟಿದ ಮೇಲೆ ಬಿಗಿದ ಗರ್ಭಕೋಶ ತಾಯಿಯನ್ನು ಉಳಿಸುತ್ತದೆ. ಮಗು ಒಳಗಿರುವಾಗಲೇ ಸಡಿಲಗೊಳ್ಳದಂತೆ ಬಿಗಿದರೆ ಮಗುವಿಗೆ ಹೋಗುವ ರಕ್ತವನ್ನೂ ಪ್ರಾಣವಾಯುವನ್ನೂ ಅದೇ ತಡೆಯುತ್ತದೆ. ಗರ್ಭಕೋಶ ಹರಿದು ಎರಡು ಜೀವಗಳೂ ಹೋಗಬಹುದು. ಅವಶ್ಯವಿದ್ದಾಗ ಆಸ್ಪತ್ರೆಯಲ್ಲಿ ಇದೇ ಮದ್ದನ್ನು ಹೆರಿಗೆಗೆ ಮೊದಲೂ ಕೊಡುವುದುಂಟು. ಆದರೆ ಆಗ ಅದನ್ನು ನೀರಿನಲ್ಲಿ ಬೆರೆಸಿ, ಹನಿಹನಿಯಾಗಿ ರಕ್ತನಾಳಕ್ಕೆ ಬಿಟ್ಟು, ಮಗುವಿನ ಎದೆಬಡಿತವನ್ನು ಮತ್ತೆ ಮತ್ತೆ ಆಲಿಸುತ್ತಾ ಹತ್ತಿರವೇ ಇರುತ್ತೇವೆ; ಅಪಾಯ ಕಂಡರೆ ಕೂಡಲೆ ನಿಲ್ಲಿಸುತ್ತೇವೆ. ಒಮ್ಮೆಗೇ ಚುಚ್ಚಿದ ಮದ್ದನ್ನು ಯಾರೂ ಹಿಂದಕ್ಕೆ ತೆಗೆಯಲಾರರು. ಮಗು ಹುಟ್ಟಿದ ಮೇಲೆಯೂ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಮುಟ್ಟಿ ನೋಡಿಯೇ ದಾದಿ ಸೂಜಿ ಹಾಕುತ್ತಾಳೆ.

'ನೋವಿನ ಸೂಜಿ ಹಾಕಿಸಿ, ಬೇಗ ಆಗಲಿ' ಎಂದು ಒತ್ತಾಯಿಸುವವರು ಪ್ರೀತಿಯಿಂದಲೇ ಒತ್ತಾಯಿಸುತ್ತಾರೆ. ಹೆಂಡತಿಯ ಸಂಕಟವನ್ನು ನೋಡಲಾರದ ಗಂಡನ ಮನಸ್ಸು ಅರ್ಥವಾಗದ್ದೇನಲ್ಲ. ಆದರೆ ಅಂತಹ ಸೂಜಿಯನ್ನು ಮನೆಯಲ್ಲಿ ಹಾಕಲು ಬರುವವರನ್ನು, ಅವರು ಎಷ್ಟೇ ಪರಿಚಿತರಾಗಿರಲಿ, ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವುದು ಗಂಡನಾದವನ ಕರ್ತವ್ಯ.

ತಾವು ಮಾಡಬೇಕಾದುದು

ಗರ್ಭಿಣಿಯಾದ ಸೋದರಿಯು ಮೂರು ತಿಂಗಳು ತುಂಬಿದ ಮೇಲೆ ಕಬ್ಬಿಣಾಂಶದ ಮಾತ್ರೆಗಳನ್ನು ದಿನಕ್ಕೊಂದರಂತೆ 180 ದಿನ ತಪ್ಪದೆ ಸೇವಿಸಬೇಕು. ರಕ್ತಹೀನತೆಯುಳ್ಳ ತಾಯಿಯು ಸ್ವಲ್ಪ ರಕ್ತ ಹೋದರೂ ತಾಳಲಾರಳು. ಹೆರಿಗೆ ಎಲ್ಲಿ, ವಾಹನ ಯಾವುದು, ಜೊತೆಗೆ ಯಾರು ಎಂಬುದನ್ನು ದಂಪತಿಗಳಿಬ್ಬರೂ ಕುಳಿತು ಮುಂಚೆಯೇ ನಿಶ್ಚಯಿಸಿಕೊಳ್ಳಬೇಕು. ನೋವು ಆರಂಭವಾದೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಬನ್ನಿ. ಮಗು ಹುಟ್ಟಿದ ಕೂಡಲೆ ಚುಚ್ಚುಮದ್ದು ಹಾಕಿದರೇ ಎಂದು ಕೇಳಲು ಸಂಕೋಚ ಬೇಡ. ಮೊದಲ ಗಂಟೆಯೊಳಗೆ ಮಗುವಿಗೆ ಎದೆಹಾಲು ಕುಡಿಸಿ. ಸಾಧಾರಣ ಹೆರಿಗೆಯಾದರೂ 48 ಗಂಟೆಗಳ ಕಾಲ ಆಸ್ಪತ್ರೆಯಲ್ಲಿಯೇ ಇರಿ. ಬಟ್ಟೆ ಬೇಗ ಬೇಗ ತೊಯ್ದರೆ, ತಲೆ ಸುತ್ತಿದರೆ, ಕೈಕಾಲು ತಣ್ಣಗಾದರೆ, 'ಬಾಣಂತಿಗೆ ಇದೆಲ್ಲ ಇದ್ದದ್ದೇ' ಎಂದು ಸುಮ್ಮನಿರದೆ ಆ ಕ್ಷಣವೇ ದಾದಿಯನ್ನು ಕೂಗಿ.

ಒಂದು ಹೆರಿಗೆಗೂ ಮತ್ತೊಂದಕ್ಕೂ ಕನಿಷ್ಠ ಮೂರು ವರ್ಷಗಳ ಅಂತರವಿರಲಿ. ಕಳೆದುಕೊಂಡ ರಕ್ತವನ್ನು ತಾಯಿಯ ಶರೀರವು ತುಂಬಿಕೊಳ್ಳಲು ಕಾಲಾವಕಾಶ ಬೇಕು. ಹೆರಿಗೆಗಳ ಸಂಖ್ಯೆ ಬಹಳವಾದಂತೆ ಗರ್ಭಕೋಶ ಸರಿಯಾಗಿ ಬಿಗಿಯದಿರುವ ಸಂಭವವೂ ಹೆಚ್ಚುತ್ತದೆ.

ಒಂಬತ್ತು ಮಣಿಗಳ ಈ ಸರವನ್ನು ಅರಿಯಲು ವಿಜ್ಞಾನಿಗಳಿಗೆ ಸುಮಾರು ಐವತ್ತು ವರ್ಷಗಳು ಹಿಡಿದವು. ಸರಿಯಾದ ಹೊತ್ತಿನಲ್ಲಿ, ತಣ್ಣಗೆ ಕಾಪಾಡಿದ ಸೀಸೆಯಿಂದ, ಬಲ್ಲವರ ಕೈಯಿಂದ ದೊರೆತಾಗ ಮಾತ್ರ ಆ ಶ್ರಮ ಸಾರ್ಥಕವಾಗುತ್ತದೆ. ಮದ್ದು ಆಸ್ಪತ್ರೆಯಲ್ಲಿ ಸಿದ್ಧವಾಗಿದೆ. ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲಪುವುದು ತಮ್ಮಿಬ್ಬರ ಕೈಯಲ್ಲಿದೆ.