ಮರ ಕೊಯ್ಯುವ ಮಿಷನ್ – ಅದರ ಕೆಲಸ, ನಮ್ಮ ಜವಾಬ್ದಾರಿ
(ರಜತ ಮಹೋತ್ಸವದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಿಂದೆ ಹಟ್ಟಿಯಂಗಡಿಯಲ್ಲಿ ಒಂದು ಹಲಸಿನ ಮರ ಉರುಳಿಸಬೇಕಾದರೆ ಕೊಡಲಿ ಬೇಕು, ಗರಗಸ ಎಳೆಯಲು ಇಬ್ಬರು ಬೇಕು. ಈಗ ಮಳೆಗಾಲದ ಗಾಳಿಗೆ ಮರ ದಾರಿಗೆ ಅಡ್ಡ ಬಿದ್ದರೂ ಸೈ, ಬೇಸಿಗೆಯಲ್ಲಿ ಸೌದೆ ಮಾಡುವುದಾದರೂ ಸೈ, ಪೆಟ್ರೋಲ್ ಗರಗಸಕ್ಕೇ ಹೇಳಿ ಕಳುಹಿಸುತ್ತೇವೆ. ಆದರೆ ಬೇಕಾದ ಹೊತ್ತಿಗೆ ಅದು ಸ್ಟಾರ್ಟೇ ಆಗುವುದಿಲ್ಲ. ಆದರೂ ಹಲ್ಲು ಮೊಂಡು. ಆದ್ದರಿಂದ ಈ ಬಗ್ಗೆ ನಾಲ್ಕು ಮಾತು.

ಇದು ಹಳೆಯ ಸ್ಕೂಟರಿನಂತೆ ಟೂ-ಸ್ಟ್ರೋಕ್ ಇಂಜಿನ್. ಪೆಟ್ರೋಲಿಗೆ ಬೆರೆಸಿದ ಆಯಿಲೇ ಪಿಸ್ಟನ್, ಬೇರಿಂಗಿಗೆ ಜಿಡ್ಡು. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಹಿಡಿದುಕೊಂಡು ಇಂಜಿನ್ನೇ ಹೋಗುತ್ತದೆ. ಮಿಷನಿನ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಅಳೆದು ಹಾಕಿ, ಅಂದಾಜು ಬೇಡ.

ಇಂಜಿನ್ ಜೋರಾದಾಗ ಕ್ಲಚ್ಚಿನ ತುಂಡುಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ, ಚೈನ್ ತಿರುಗುತ್ತದೆ. ನಿಧಾನವಾದಾಗ ಬಿಡುತ್ತವೆ, ಚೈನ್ ನಿಲ್ಲಬೇಕು. ನಿಲ್ಲದಿದ್ದರೆ ಮೆಕ್ಯಾನಿಕ್ಕಿಗೆ ತೋರಿಸದೆ ಕೆಲಸಕ್ಕೆ ಹೋಗಬೇಡಿ.

ಚೈನಿಗೆ ಬೇರೆಯೇ ಆಯಿಲ್ ಟ್ಯಾಂಕ್ ಉಂಟು. ಪೆಟ್ರೋಲ್ ತುಂಬಿಸುವಾಗಲೆಲ್ಲ ಅದನ್ನೂ ತುಂಬಿಸಿ. ಮೂತಿಯನ್ನು ಬಿಳಿ ಮರದ ಬುಡದ ಹತ್ತಿರ, ತಾಗದಂತೆ ಹಿಡಿದು ವೇಗ ಕೊಟ್ಟರೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ತೂತು ಕಟ್ಟಿದೆ ಎಂದು ತಿಳಿಯಿರಿ.

ಚಕ್ಕೆ ಬಂದರೆ ಹಲ್ಲು ಹರಿತ, ಹಿಟ್ಟಿನಂತಹ ಹುಡಿ ಬಂದರೆ ಮೊಂಡು. ಮೊಂಡು ಹಲ್ಲಿನಲ್ಲಿ ಒತ್ತಿ ಕೊಯ್ದರೆ ಇಂಜಿನ್ ಕಾಯುತ್ತದೆ, ಪಟ್ಟಿ ಸವೆಯುತ್ತದೆ. ಚೈನಿನ ಅಳತೆಯ ಉರುಟು ಅರದಿಂದ ಒಳಗಿನಿಂದ ಹೊರಕ್ಕೆ, ಎಲ್ಲ ಹಲ್ಲಿಗೂ ಒಂದೇ ಲೆಕ್ಕದಲ್ಲಿ ಉಜ್ಜಿ. ಚೈನ್ ಪಟ್ಟಿಯ ಅಡಿಗೆ ಅಂಟಿರಬೇಕು, ಇಂಜಿನ್ ನಿಲ್ಲಿಸಿ ಕೈಯಲ್ಲಿ ಎಳೆದರೆ ಸಲೀಸಾಗಿ ಸರಿಯಬೇಕು. ಏರ್ ಫಿಲ್ಟರ್ ದಿನಾ ಸ್ವಚ್ಛ ಮಾಡಿ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿರುತ್ತದೆ, ಅದು ನೀರಿನಂಶ ಎಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ಮಿಷನ್ ಮೂಲೆಯಲ್ಲಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಅದಾಗಿಯೇ ನಿಲ್ಲುವ ತನಕ ಓಡಿಸಿ ಇಡಿ. ತಿಂಗಳುಗಟ್ಟಲೆ ಇಟ್ಟ ಪೆಟ್ರೋಲೇ ಕಾರ್ಬೊರೇಟರಿಗೆ ಶತ್ರು.

ಇನ್ನು ಜೀವದ ಮಾತು. ಪಟ್ಟಿಯ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ ಕಣ್ಣು ಮುಚ್ಚಿ ಬಿಡುವುದರೊಳಗೆ ಮುಖದತ್ತ ಚಿಮ್ಮುತ್ತದೆ. ಎರಡೂ ಕೈಯಲ್ಲಿ ಗಟ್ಟಿ ಹಿಡಿಯಿರಿ, ಭುಜಕ್ಕಿಂತ ಮೇಲೆ ಎತ್ತಬೇಡಿ, ಚೈನ್ ಬ್ರೇಕ್ ಹಿಡಿಯುತ್ತದೋ ಎಂದು ಮೊದಲೇ ಕಾಣಿ. ಲುಂಗಿ ಉಟ್ಟು, ಹವಾಯಿ ಚಪ್ಪಲಿ ಮೆಟ್ಟಿ ಈ ಕೆಲಸ ಬೇಡ ಮಾರಾಯ್ರೆ! ಕರೆಂಟು ತಂತಿಯ ಮೇಲೆ ಬಿದ್ದ ಮರವನ್ನು ಮೆಸ್ಕಾಂನವರು ಲೈನ್ ಆಫ್ ಮಾಡುವ ತನಕ ಮುಟ್ಟಬೇಡಿ. ದುಡಿಯುವವನ ಕೈ ಹೋದರೆ ಇಡೀ ಮನೆ ಕೂರುತ್ತದೆ.

ನಮ್ಮಲ್ಲಿ ಒಂದು ಮಿಷನ್ ನಾಲ್ಕು ಮನೆ ಸುತ್ತುತ್ತದೆ. ಎರವಲು ಕೊಡುವುದು ಸಹಕಾರ. ಹಲ್ಲಿಗೆ ಅರ ಹಾಕಿ, ಫಿಲ್ಟರ್ ಒರೆಸಿ ಹಿಂದೆ ಕೊಡುವುದೂ ಸಹಕಾರವೇ. ಇಷ್ಟನ್ನು ನಾವೆಲ್ಲ ಪಾಲಿಸೋಣ.