ನಾರಿನ ಪುಡಿ ಹೊಲ ಸೇರುವ ಮುನ್ನ



ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೊರಟರೆ ಆವತಿ ಸಿಗುತ್ತದೆ. ಕೆಂಪೇಗೌಡರ ಪೂರ್ವಿಕರು ಬಂದು ನೆಲೆ ನಿಂತ ಊರು. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ದ್ರಾಕ್ಷಿ, ಹಿಪ್ಪುನೇರಳೆ, ಟೊಮೆಟೊ, ದಪ್ಪ ಮೆಣಸಿನಕಾಯಿ ಎಲ್ಲಕ್ಕೂ ಕೊಳವೆಬಾವಿಯೇ ಗತಿ. ನೀರನ್ನು ಹಿಡಿದಿಡುವ ಯಾವ ವಸ್ತುವಾದರೂ ಇಲ್ಲಿನ ರೈತರಿಗೆ ಬೇಕು. ತೆಂಗಿನ ನಾರಿನ ಪುಡಿ ಅಂಥದ್ದು. ತನ್ನ ತೂಕದ ಹಲವು ಪಟ್ಟು ನೀರು ಕುಡಿದು ಇಟ್ಟುಕೊಳ್ಳುತ್ತದೆ.

ತಿಪಟೂರು, ಅರಸೀಕೆರೆ ಕಡೆಯ ನಾರಿನ ಕಾರ್ಖಾನೆಗಳಲ್ಲಿ ಕಾಯಿ ಸಿಪ್ಪೆ ಬಡಿದು ನಾರು ತೆಗೆಯುತ್ತಾರೆ. ಒಂದು ಕಿಲೋ ನಾರಿಗೆ ಸುಮಾರು ಎರಡು ಕಿಲೋ ಪುಡಿ ಉದುರುತ್ತದೆ. ನಾರು ಹಗ್ಗವಾಗಿ, ಚಾಪೆಯಾಗಿ ಮಾರಾಟವಾಗುತ್ತದೆ. ಪುಡಿ ಮಾತ್ರ ಬಹುಕಾಲ ಕಾರ್ಖಾನೆಯ ಹಿಂದೆ ಗುಡ್ಡವಾಗಿಯೇ ಉಳಿಯುತ್ತಿತ್ತು. ಅದರಲ್ಲಿ ನೂರಕ್ಕೆ ಮೂವತ್ತರಷ್ಟು ಲಿಗ್ನಿನ್ ಇದೆ. ಮರಕ್ಕೆ ಗಟ್ಟಿತನ ಕೊಡುವ ಪದಾರ್ಥವೇ ಅದು, ಬೇಗ ಕೊಳೆಯುವುದಿಲ್ಲ.

ಈಗ ನರ್ಸರಿಗೆ ಹೋಗಿ ನೋಡಿ. ಒಟ್ಲು ಪಾತಿಯ ಜಾಗಕ್ಕೆ ತೊಂಬತ್ತೆಂಟು ಗುಳಿಗಳ ಪ್ರೋಟ್ರೇ ಬಂದಿದೆ. ಒದ್ದೆ ಪುಡಿ ತುಂಬಿ, ಬೆರಳಿನಿಂದ ಒತ್ತಿ, ಗುಳಿಗೊಂದು ಬೀಜ ಇಡುತ್ತಾರೆ. ಮೂರು ನಾಲ್ಕು ವಾರಕ್ಕೆ ಸಸಿ ಎಳೆದರೆ ಬಿಳಿ ಬೇರು ಪುಡಿಯನ್ನೆಲ್ಲ ಸುತ್ತಿಕೊಂಡು ಇಡಿಯಾಗಿ ಕೈಗೆ ಬರುತ್ತದೆ. ಒಂದು ಬೇರೂ ಹರಿಯದ ಕಾರಣ ನಾಟಿ ಮಾಡಿದ ಸಸಿ ಬಾಡದೆ ನಿಲ್ಲುತ್ತದೆ. ಯುರೋಪಿನ ತೋಟಗಾರರು ಇದೇ ಕೆಲಸಕ್ಕೆ ಜೌಗು ನೆಲದ ಪೀಟ್ ಅಗೆದು ತರುತ್ತಿದ್ದರು. ಆ ಪೀಟ್ ಕೂಡಲು ಸಾವಿರಾರು ವರ್ಷ ಬೇಕು. ನಮ್ಮ ಪುಡಿ ಕಾಯಿ ಸುಲಿದಷ್ಟು ದಿನವೂ ಸಿಗುತ್ತದೆ.

ಆದರೆ ಕಾರ್ಖಾನೆಯಿಂದ ಬಂದ ಹಸಿ ಪುಡಿಯನ್ನು ನೇರ ಬಳಸಬಾರದು. ಅದರಲ್ಲಿ ಉಪ್ಪಿನಂಶವೂ ಟ್ಯಾನಿನ್ ಎಂಬ ಒಗರು ಪದಾರ್ಥವೂ ಇವೆ. ಎಳೆ ಬೇರಿಗೆ ಎರಡೂ ಕೆಡುಕು. ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು. ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಕ್ಕೂ ಹೆಚ್ಚು ಪಾಲು ಇಂಗಾಲ. ಇದನ್ನು ಮಣ್ಣಿಗೆ ಬೆರೆಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಬೆಳೆ ಹಳದಿಗೆ ತಿರುಗುತ್ತದೆ. ಗೊಬ್ಬರ ಹಾಕಿಯೂ ಗಿಡ ಏಕೆ ಸೊರಗಿತು ಎಂದು ರೈತ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಇದಕ್ಕೆ ದಾರಿ ಎರಡು. ಪ್ರೋಟ್ರೇಗಾದರೆ ಪುಡಿಯನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ಇಳಿಸಬೇಕು. ನೀರಿಗೇ ಬರವಿರುವ ನಮ್ಮಲ್ಲಿ, ತೊಳೆದು ಸಿದ್ಧವಾದ ಪುಡಿಯನ್ನು ಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಸಿದ್ಧ ಪುಡಿ ಬೇಕೆನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸೂಕ್ಷ್ಮಜೀವಿಗಳಿಂದ ಹುದುಗಿಸಿದ ‘ಅರ್ಕಾ ಫರ್ಮೆಂಟೆಡ್ ಕೋಕೋಪೀಟ್’ ರೂಪಿಸಿದೆ.

ಹೊಲಕ್ಕಾದರೆ ಹಸಿ ಪುಡಿಯನ್ನು ನಾವೇ ಕಳಿಯಿಸಬಹುದು. ಲಿಗ್ನಿನ್ನನ್ನು ಒಡೆಯುವ ಶಕ್ತಿ ಚಿಪ್ಪು ಅಣಬೆಯ ಜಾತಿಗಿದೆ. ನೆರಳಿನಲ್ಲಿ ನೂರು ಕಿಲೋ ಪುಡಿ ಹರಡಿ, ಮೇಲೆ ಒಂದು ಬಾಟಲಿ ಅಣಬೆ ಬೀಜ ಚೆಲ್ಲಬೇಕು. ಅದರ ಮೇಲೆ ಇನ್ನೊಂದು ನೂರು ಕಿಲೋ ಪುಡಿ, ಅದಕ್ಕೆ ಒಂದು ಕಿಲೋ ಯೂರಿಯಾ. ಹೀಗೆ ಒಂದು ಪದರ ಬಿಟ್ಟು ಒಂದು ಪದರಕ್ಕೆ ಹಾಕುತ್ತ ಒಂದು ಟನ್ನಿನವರೆಗೆ ಏರಿಸಬೇಕು. ಒಟ್ಟು ಐದು ಬಾಟಲಿ ಬೀಜ, ಐದು ಕಿಲೋ ಯೂರಿಯಾ. ತೇವ ಆರಲು ಬಿಡಬಾರದು. ಇದರಲ್ಲಿ ಸೋಲುವವರು ಹೆಚ್ಚಾಗಿ ಸೋಲುವುದು ಬೇಸಿಗೆಯಲ್ಲಿ ರಾಶಿ ಒಣಗಿಸಿಯೇ. ಎರಡು ತಿಂಗಳಿಗೆ ರಾಶಿ ಕುಗ್ಗಿ, ಕಪ್ಪಾಗಿ, ಹಿಡಿ ತೆಗೆದರೆ ಮಣ್ಣಿನ ವಾಸನೆ ಬರಬೇಕು. ಒಂದು ಪಾಲು ಸಾರಜನಕಕ್ಕೆ ಇಂಗಾಲದ ಪಾಲು ಆಗ ಇಪ್ಪತ್ತನಾಲ್ಕರ ಆಸುಪಾಸಿಗೆ ಇಳಿದಿರುತ್ತದೆ. ಎಕರೆಗೆ ಎರಡು ಟನ್ ಲೆಕ್ಕದಲ್ಲಿ, ಬಿತ್ತನೆಗೆ ಮೊದಲೇ ಮಣ್ಣಿಗೆ ಸೇರಿಸಿ. ಕಳಿತಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಒಂದು ಹಿಡಿ ಮಾದರಿ ತೆಗೆದುಕೊಂಡು ಹೋಗಿ ಕೇಳಿ, ಆಮೇಲೆ ಹೊಲಕ್ಕೆ ಹಾಕಿ.