ಬೀಗ ಬಿದ್ದ ಕಡತಗಳು

(ಭೈರವಾನಿತಿಪ್ಪದಲ್ಲಿ ಸೇರಿದ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯನಾದವನು ಶಿಸ್ತು, ಸಮಯಪಾಲನೆ, ಪರೀಕ್ಷೆಯ ಫಲಿತಾಂಶ ಇವುಗಳನ್ನು ಕುರಿತು ಮಾತನಾಡುವುದು ರೂಢಿ. ಈ ಸಲ ಆ ರೂಢಿಯನ್ನು ಬಿಟ್ಟು, ಗಣಕಯಂತ್ರಕ್ಕೆ ತಗಲುವ ಒಂದು ಪಿಡುಗನ್ನು ಕುರಿತು ನಾಲ್ಕು ಮಾತನಾಡಲು ಅಧ್ಯಕ್ಷರ ಅಪ್ಪಣೆಯನ್ನು ಬೇಡಿದ್ದೇವೆ. ಇದಕ್ಕೆ ಕಾರಣವಿದೆ. ಸಂಘದವರು ಕೊಡಿಸಿದ ಗಣಕಯಂತ್ರದಲ್ಲಿ ಈಗ ನಮ್ಮ ಶಾಲೆಯ ಅರ್ಧ ಜೀವವೇ ಅಡಗಿದೆ. ಅಂಕಪಟ್ಟಿಗಳು ಅಲ್ಲಿವೆ, ಸಭೆ ಸಮಾರಂಭಗಳ ಭಾವಚಿತ್ರಗಳು ಅಲ್ಲಿವೆ, ಎಲ್ಲಕ್ಕೂ ಮಿಗಿಲಾಗಿ, ನಮ್ಮ ಉಪಾಧ್ಯಾಯರು ರಾತ್ರಿ ಕುಳಿತು ಬೆರಳಚ್ಚು ಮಾಡಿದ ಗಣಿತ, ವಿಜ್ಞಾನಗಳ ಟಿಪ್ಪಣಿಗಳೂ ಪ್ರಶ್ನಪತ್ರಿಕೆಗಳೂ ಅಲ್ಲಿವೆ. ತೆಲುಗು ಮಾಧ್ಯಮದ ಮಕ್ಕಳಿಗೆ ಇಂಥವು ಪೇಟೆಯ ಯಾವ ಪುಸ್ತಕದಂಗಡಿಯಲ್ಲಾದರೂ ದೊರೆತಾವು. ಆಂಧ್ರದ ಪಾಠಕ್ರಮವನ್ನು ಕನ್ನಡದಲ್ಲಿ ಓದುವ ರಾಯದುರ್ಗ, ಮಡಕಶಿರಾ ಸೀಮೆಯ ಮಕ್ಕಳಿಗೆ ಬಳ್ಳಾರಿಯ ಅಂಗಡಿಯೂ ಪೂರ್ತಿ ನೆರವಾಗದು. ಅಲ್ಲಿಯ ಪಾಠಕ್ರಮವೇ ಬೇರೆ. ನಮಗೆ ಬೇಕಾದುದನ್ನು ನಾವೇ ಬರೆದುಕೊಳ್ಳಬೇಕು. ಅದು ಕಳೆದುಹೋದರೆ ಬೇರೊಬ್ಬರಿಂದ ಕೇಳಿ ತರುವಂತಿಲ್ಲ.

ಈ ಪಿಡುಗಿನ ಹೆಸರು ರ‍್ಯಾನ್ಸಮ್‌ವೇರ್. ಹೆಸರಿನಲ್ಲಿಯೇ ಅದರ ಸ್ವಭಾವವಿದೆ. ಒತ್ತೆಯಿಟ್ಟುಕೊಂಡು ಹಣ ಕೇಳುವ ತಂತ್ರಾಂಶವೆಂದು ಅರ್ಥ. ಇದು ಕಡತಗಳನ್ನು ಕದ್ದೊಯ್ಯಬೇಕಾಗಿಯೇ ಇಲ್ಲ. ಅವುಗಳನ್ನು ಇದ್ದಲ್ಲಿಯೇ ಯಾರಿಗೂ ಓದಲಾಗದ ಗೂಢಲಿಪಿಗೆ ತಿರುಗಿಸಿ, ಪ್ರತಿಯೊಂದರ ಹೆಸರಿನ ಕೊನೆಗೂ ಒಂದು ವಿಚಿತ್ರ ಬಾಲವನ್ನು ಅಂಟಿಸಿ, “ಇಷ್ಟು ಹಣ ಕೊಟ್ಟರೆ ಕೀಲಿಕೈ ಕೊಡುವೆವು” ಎಂಬ ಓಲೆಯನ್ನು ಬಿಟ್ಟಿರುತ್ತದೆ. ಈ ವಿದ್ಯೆ ಹೊಸದಲ್ಲ. 1989ರಲ್ಲಿ ಜೋಸೆಫ್ ಪಾಪ್ ಎಂಬ ಅಮೆರಿಕದ ವಿದ್ವಾಂಸನು ಏಡ್ಸ್ ರೋಗದ ಮಾಹಿತಿಯೆಂದು ಹೇಳಿ ಸುಮಾರು 20,000 ಫ್ಲಾಪಿ ತಟ್ಟೆಗಳನ್ನು ಅಂಚೆಯಲ್ಲಿ ಹಂಚಿದನು. ಅದನ್ನು ಅಳವಡಿಸಿದ ಯಂತ್ರವನ್ನು ತೊಂಬತ್ತು ಸಲ ಹೊತ್ತಿಸುವ ಹೊತ್ತಿಗೆ ಕಡತಗಳ ಹೆಸರುಗಳೆಲ್ಲ ಕಲಸಿಹೋಗಿ, ಪನಾಮಾ ದೇಶದ ಒಂದು ಅಂಚೆಪೆಟ್ಟಿಗೆಗೆ 189 ಡಾಲರು ಕಳುಹಿಸಬೇಕೆಂಬ ಬೇಡಿಕೆ ತೆರೆಯ ಮೇಲೆ ಮೂಡುತ್ತಿತ್ತು. ಪಾಪ್‌ನ ಬೀಗ ಕಚ್ಚಾ ಬೀಗ. ಬಲ್ಲವರು ಬೇಗನೆ ಬಿಚ್ಚಿದರು. ಇಂದಿನ ಬೀಗ ಹಾಗಿಲ್ಲ.

ಇದು ದೂರದ ದೇಶದ ಸುದ್ದಿಯೆಂದು ಪೋಷಕರು ತಿಳಿಯಬಾರದು. 2017ರ ಮೇ 12ರಂದು ವನ್ನಾಕ್ರೈ ಎಂಬ ತಳಿ ಹೊರಬಿದ್ದು, ಕೆಲವೇ ದಿನಗಳಲ್ಲಿ 150 ದೇಶಗಳ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳನ್ನು ಹಿಡಿಯಿತು. ನಮ್ಮ ಆಂಧ್ರಪ್ರದೇಶದಲ್ಲಿಯೇ ಚಿತ್ತೂರು, ಕೃಷ್ಣಾ, ಗುಂಟೂರು ಮೊದಲಾದ ಜಿಲ್ಲೆಗಳಲ್ಲಿ ಪೋಲೀಸು ಇಲಾಖೆಯ ಕೆಲವು ಯಂತ್ರಗಳು ಅದರ ಬಾಯಿಗೆ ಬಿದ್ದವು. ತಿರುಮಲ ತಿರುಪತಿ ದೇವಸ್ಥಾನದ ಕಛೇರಿಯ ಕೆಲವು ಯಂತ್ರಗಳಿಗೂ ಅದು ತಗುಲಿತು. ಪೋಲೀಸರ ಮನೆಗೂ ವೆಂಕಟರಮಣನ ಮನೆಗೂ ನುಗ್ಗಿದ ಕಳ್ಳನು ಹಳ್ಳಿಯ ಶಾಲೆಯನ್ನು ಗೌರವದಿಂದ ಬಿಟ್ಟುಬಿಡುವನೆ? ಇದರಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ ಕಳ್ಳನು ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ವರ್ಷ ಮಾರ್ಚಿ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳ ಅವಕಾಶವಿತ್ತು. “ಅಪ್‌ಡೇಟ್ ಮಾಡಲೆ?” ಎಂದು ಯಂತ್ರವು ಕೇಳಿದಾಗಲೆಲ್ಲ “ಆಮೇಲೆ” ಎಂದು ಒತ್ತುವ ಅಭ್ಯಾಸ ನಮ್ಮ ನಾಡಿನಲ್ಲಿ ಬಹಳ.

ವಿದ್ಯಾರ್ಥಿಗಳೆ, ಈ ಬೀಗದ ಗುಟ್ಟು ನಿಮ್ಮ ಗಣಿತದಲ್ಲಿಯೇ ಇದೆ. 89ನ್ನು 97ರಿಂದ ಗುಣಿಸಿರೆಂದರೆ ಏಳನೆಯ ತರಗತಿಯವನೂ ಅರೆಗಳಿಗೆಯಲ್ಲಿ 8633 ಎನ್ನುವನು. ಆದರೆ 8633 ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಹತ್ತನೆಯ ತರಗತಿಯವನೂ ಒಂದು ಹಾಳೆಯನ್ನು ಕಪ್ಪು ಮಾಡಬೇಕಾದೀತು. ಕಳ್ಳರು ಬಳಸುವ ಸಂಖ್ಯೆಯು ಸಾಮಾನ್ಯವಾಗಿ 617 ಅಂಕಿಗಳಷ್ಟು ಉದ್ದ. ಅದನ್ನು ಒಡೆಯುವುದು ಈ ಹೊತ್ತಿನ ಯಾವ ಯಂತ್ರಕ್ಕೂ ಸಾಧ್ಯವಾಗಿಲ್ಲ. ಬೀದಿಯ ಅಂಚೆಪೆಟ್ಟಿಗೆಯನ್ನು ನೆನೆದುಕೊಳ್ಳಿ: ಕಾಗದವನ್ನು ಯಾರು ಬೇಕಾದರೂ ಒಳಗೆ ಹಾಕಬಹುದು; ಹೊರಗೆ ತೆಗೆಯುವುದಕ್ಕೆ ಮಾತ್ರ ಅಂಚೆಯವರ ಕೀಲಿಕೈಯೇ ಬೇಕು. ನಮ್ಮ ಕಡತಗಳನ್ನು ಒಳಕ್ಕೆ ಹಾಕುವ ಕಿಂಡಿ ನಮ್ಮ ಯಂತ್ರಕ್ಕೆ ಬಂದಿರುತ್ತದೆ. ತೆಗೆಯುವ ಕೀಲಿಕೈ ಕಳ್ಳನ ಸೊಂಟದಲ್ಲಿಯೇ ಉಳಿದಿರುತ್ತದೆ.

ಇಲ್ಲಿಯೇ ಜನರು ಎಡವುವುದು. ವೈರಸ್ಸನ್ನು ತೆಗೆದರೆ ಕಡತಗಳು ತಾವಾಗಿ ತೆರೆಯುವುವೆಂದು ಬಹುಮಂದಿ ನಂಬಿದ್ದಾರೆ. ಇವು ಎರಡು ಬೇರೆ ಬೇರೆ ಕೆಲಸಗಳು. ನಮ್ಮ ಜಲಾಶಯದ ತೂಬನ್ನು ಮುಚ್ಚಿದರೆ ನೀರು ಹರಿಯುವುದು ನಿಲ್ಲುತ್ತದೆ, ನಿಜ. ಹರಿದುಹೋದ ನೀರು ಕಟ್ಟೆಯೊಳಕ್ಕೆ ಹಿಂದಿರುಗುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಪಕ್ಕದ ಊರಿನಲ್ಲಿ ಡಿ.ಟಿ.ಪಿ. ಅಂಗಡಿಯನ್ನಿಟ್ಟಿದ್ದಾನೆ. ಭಾವಚಿತ್ರ ತಿದ್ದುವ ತಂತ್ರಾಂಶವನ್ನು ಹಣ ಕೊಡದೆ ಎಲ್ಲಿಂದಲೋ ಇಳಿಸಿಕೊಂಡುದರ ಫಲವಾಗಿ ಅವನ ಯಂತ್ರಕ್ಕೆ ಈ ಪಿಡುಗು ತಗುಲಿತು. ರಿಪೇರಿಯವನು ಬಂದು ಒಂದು ಗಂಟೆಯಲ್ಲಿ ಡಿಸ್ಕನ್ನು ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕಿ, “ಈಗ ಶುದ್ಧವಾಯಿತು” ಎಂದನಂತೆ. ಶುದ್ಧವಾದುದೇನೋ ಹೌದು. ಮುಂದೆಂದಾದರೂ ಕೀಲಿಕೈ ದೊರೆತರೂ ತೆರೆಯುವುದಕ್ಕೆ ಬೀಗ ಬಿದ್ದ ಕಡತಗಳೇ ಉಳಿಯಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಯಂತ್ರವನ್ನು ಒಂಟಿ ಮಾಡಬೇಕು. ಜಾಲದ ತಂತಿಯನ್ನು ಕೀಳಬೇಕು, ವೈಫೈ ಆರಿಸಬೇಕು. ಗಾಬರಿಯಿಂದ ಪೆನ್‌ಡ್ರೈವನ್ನಾಗಲಿ ಪ್ರತಿಯಿಟ್ಟ ಡಿಸ್ಕನ್ನಾಗಲಿ ಚುಚ್ಚಬಾರದು; ಚುಚ್ಚಿದರೆ ಅದಕ್ಕೂ ಬೀಗ ಬಿದ್ದೀತು. ಜಾಲದಿಂದ ಬಿಡಿಸಿದ ಮೇಲೆ ಯಂತ್ರವನ್ನು ಅವಸರವಾಗಿ ಆರಿಸಿ ಹೊತ್ತಿಸುವುದೂ ಒಳ್ಳೆಯದಲ್ಲ. ವನ್ನಾಕ್ರೈ ಬಂದಾಗ, ಒಮ್ಮೆಯೂ ಆರಿಸದೆ ಇದ್ದ ಕೆಲವು ಯಂತ್ರಗಳ ನೆನಪಿನಲ್ಲಿ ಕೀಲಿಕೈಯ ಅವಿಭಾಜ್ಯ ಸಂಖ್ಯೆಗಳು ಇನ್ನೂ ಉಳಿದಿದ್ದುವು. ಫ್ರಾನ್ಸಿನ ತಜ್ಞರು ಅವನ್ನು ಹೆಕ್ಕಿ ತೆಗೆದು ಕಡತಗಳನ್ನು ಬಿಡಿಸಿದರು. ಆರಿಸಿದವರಿಗೆ ಆ ಭಾಗ್ಯವಿರಲಿಲ್ಲ. ತರುವಾಯ, ತೆರೆಯ ಮೇಲಿನ ಓಲೆಯ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟು, ಕಡತಗಳ ಹೆಸರಿಗೆ ಅಂಟಿದ ಬಾಲವನ್ನು ಬರೆದಿಟ್ಟುಕೊಳ್ಳಬೇಕು. ಪೋಲೀಸು ಠಾಣೆಯಲ್ಲಿ ದೂರು ಕೊಡಬೇಕು. 1930 ಎಂಬ ಸಹಾಯವಾಣಿಯೂ ಕೇಂದ್ರ ಸರ್ಕಾರದ ಸೈಬರ್ ಅಪರಾಧದ ತಾಣವೂ ಇವೆ.

ಆಮೇಲೆ ತಳಿಯನ್ನು ಗುರುತಿಸುವ ಕೆಲಸ. ಹಾವು ಕಚ್ಚಿದಾಗ ಯಾವ ಹಾವೆಂದು ವೈದ್ಯರು ಕೇಳುವಂತೆ ಇದು. 2016ರ ಜುಲೈ ತಿಂಗಳಲ್ಲಿ ಡಚ್ ಪೋಲೀಸರೂ ಯೂರೋಪೋಲ್ ಸಂಸ್ಥೆಯೂ ಎರಡು ಖಾಸಗಿ ಸಂಸ್ಥೆಗಳೊಡನೆ ಸೇರಿ ‘ನೋ ಮೋರ್ ರ‍್ಯಾನ್ಸಮ್’ ಎಂಬ ತಾಣವನ್ನು ಕಟ್ಟಿದರು. ಬೇರೊಂದು ಶುದ್ಧ ಯಂತ್ರದಿಂದ ಅಲ್ಲಿಗೆ ಬೀಗ ಬಿದ್ದ ಒಂದೆರಡು ಸಣ್ಣ ಕಡತಗಳನ್ನೂ ಆ ಓಲೆಯನ್ನೂ ಕಳುಹಿಸಿದರೆ ತಳಿಯ ಹೆಸರನ್ನೂ, ಕೀಲಿಕೈ ಇದ್ದರೆ ಅದನ್ನೂ, ಒಂದು ಕಾಸೂ ಇಲ್ಲದೆ ತಿಳಿಸುತ್ತಾರೆ. ಕಳುಹಿಸುವ ಕಡತದಲ್ಲಿ ಯಾರ ಗುಟ್ಟೂ ಇರದಂತೆ ನೋಡಿಕೊಳ್ಳತಕ್ಕದ್ದು. ಎಲ್ಲ ತಳಿಗಳಿಗೂ ಕೀಲಿಕೈ ಇಲ್ಲ. ಆದರೆ ಇಂದು ಇಲ್ಲದ್ದು ನಾಳೆ ದೊರೆಯಬಹುದು. 2016ರ ಮೇ ತಿಂಗಳಲ್ಲಿ ಟೆಸ್ಲಾಕ್ರಿಪ್ಟ್ ತಳಿಯವರು ತಾವೇ ಮೂಲ ಕೀಲಿಕೈಯನ್ನು ಬಹಿರಂಗಪಡಿಸಿದರು. 2020ರ ಏಪ್ರಿಲಿನಲ್ಲಿ ಶೇಡ್ ಎಂಬ ತಳಿಯವರು ಸುಮಾರು ಏಳೂವರೆ ಲಕ್ಷ ಕೀಲಿಕೈಗಳನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಆದುದರಿಂದ ಬೀಗ ಬಿದ್ದ ಕಡತಗಳನ್ನು ಅಳಿಸದೆ, ಒಂದು ಹೊಸ ಡಿಸ್ಕಿಗೆ ನಕಲು ಮಾಡಿ, ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿಡಬೇಕು. ನಕಲಾದ ಮೇಲೆಯೇ ಶುದ್ಧೀಕರಣ: ವಿಂಡೋಸನ್ನು ಮೊದಲಿನಿಂದ ಹಾಕುವುದು, ತೇಪೆಗಳನ್ನೆಲ್ಲ ಹಾಕುವುದು, ಎಲ್ಲ ಪಾಸ್‌ವರ್ಡುಗಳನ್ನೂ ಬದಲಿಸುವುದು. ಕೆಲವು ತಳಿಗಳು ಬೀಗದ ಜೊತೆಗೆ ಪಾಸ್‌ವರ್ಡು ಕದಿಯುವ ಸಂಗಾತಿಯನ್ನೂ ಕರೆತರುತ್ತವೆ. ಶುದ್ಧಿಯಾಗುವ ಮೊದಲೇ ಒಳ್ಳೆಯ ಪ್ರತಿಯನ್ನು ತಂದು ಹಾಕಿದರೆ ಅದಕ್ಕೂ ಅದೇ ಗತಿ.

ಕೀಲಿಕೈ ಇಲ್ಲದಿದ್ದರೂ ಹುಡುಕುವ ಸ್ಥಳಗಳುಂಟು. ಯಾರಿಗೋ ಮಿಂಚಂಚೆಯಲ್ಲಿ ಕಳುಹಿಸಿದ ಪ್ರಶ್ನಪತ್ರಿಕೆ ‘ಕಳುಹಿಸಿದ’ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ವಾಟ್ಸಾಪಿನಲ್ಲಿ ಹಂಚಿದ ಪಟ್ಟಿ ಯಾರದಾದರೂ ಫೋನಿನಲ್ಲಿರುತ್ತದೆ. ಕೆಲವು ತಳಿಗಳು ಗೂಢಲಿಪಿಯ ನಕಲನ್ನು ಬರೆದು ಮೂಲವನ್ನು ಅಳಿಸುತ್ತವೆ. ಅಂಥಲ್ಲಿ ಅಳಿಸಿಹೋದ ಕಡತಗಳನ್ನು ಹೆಕ್ಕುವ ಫೋಟೋರೆಕ್ ಮೊದಲಾದ ಉಚಿತ ತಂತ್ರಾಂಶಗಳಿಂದ ಸ್ವಲ್ಪ ದಕ್ಕುವುದುಂಟು. ಇದಕ್ಕಾಗಿಯೇ ನಕಲು ಮಾಡುವಾಗ ಕಡತಗಳನ್ನಷ್ಟೇ ಅಲ್ಲದೆ ಡಿಸ್ಕನ್ನು ಇಡಿಯಾಗಿ ಪ್ರತಿ ತೆಗೆದಿಡುವುದು ಲೇಸು.

ಕನ್ನಡಿಗರಾದ ನಾವು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಹೀಗೆ ಹೆಕ್ಕಿದ ಕಡತಗಳಿಗೆ ಮೊದಲಿನ ಹೆಸರುಗಳಿರುವುದಿಲ್ಲ, ಬರಿಯ ಅಂಕಿಗಳಿರುತ್ತವೆ. ತೆರೆದು ನೋಡಿಯೇ ಗುರುತಿಸಬೇಕು. ನಮ್ಮ ಹಳೆಯ ಟಿಪ್ಪಣಿಗಳಾದರೋ ಯೂನಿಕೋಡಿನಲ್ಲಿಲ್ಲ, ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿವೆ. ಹೊಸದಾಗಿ ವಿಂಡೋಸ್ ಹಾಕಿದ ಯಂತ್ರದಲ್ಲಿ ಆ ಅಕ್ಷರಶೈಲಿ ಇರುವುದಿಲ್ಲವಾಗಿ, ಸೊಗಸಾದ ಕನ್ನಡವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತದೆ. ಕನ್ನಡವರಿಯದ ರಿಪೇರಿಯವನು ಅದನ್ನು ಕೆಟ್ಟುಹೋದ ಕಡತವೆಂದು ಎಸೆದಾನು. ಕಳ್ಳನ ಕೈಯಿಂದ ಉಳಿದುದು ರಕ್ಷಕನ ಕೈಯಲ್ಲಿ ಹೋಗುವುದೆಂದರೆ ಇದೇ! ಆದುದರಿಂದ ಮೊದಲು ಆ ಅಕ್ಷರಶೈಲಿಗಳನ್ನು ಅಳವಡಿಸಿ, ಆಮೇಲೆ ಕನ್ನಡ ಬಲ್ಲವರೊಬ್ಬರು ಕುಳಿತು ಒಂದೊಂದನ್ನೂ ನೋಡತಕ್ಕದ್ದು.

ಹಣ ಕೊಟ್ಟು ಬಿಡಿಸಿಕೊಳ್ಳಬಾರದೆ ಎಂದು ಪೋಷಕರೊಬ್ಬರು ಕೇಳಿದರು. ಕೂಡದೆಂದು ನಮ್ಮ ಅಭಿಪ್ರಾಯ. ವನ್ನಾಕ್ರೈ ಕಳ್ಳರು 300 ಡಾಲರನ್ನು ಬಿಟ್‌ಕಾಯಿನ್ ರೂಪದಲ್ಲಿ ಕೇಳಿದರು. ಮೂರು ದಿನ ಕಳೆದರೆ ಇಮ್ಮಡಿ. ಆದರೆ ಯಾರು ಹಣ ಕೊಟ್ಟರೆಂದು ಗುರುತಿಸುವ ಸರಿಯಾದ ಏರ್ಪಾಡೇ ಅವರಲ್ಲಿರಲಿಲ್ಲ! ಇನ್ನು ಕೆಲವರು “ನಾವು ಬಿಡಿಸಿಕೊಡುತ್ತೇವೆ” ಎಂದು ಸುಳ್ಳು ತಂತ್ರಾಂಶವನ್ನು ಹಂಚಿ, ಬಿದ್ದ ಬೀಗದ ಮೇಲೆ ಇನ್ನೊಂದು ಬೀಗ ಜಡಿದ ಪ್ರಸಂಗವೂ 2020ರಲ್ಲಿ ನಡೆಯಿತು.

ಪೋಷಕರಲ್ಲಿ ಮತ್ತೊಂದು ಬಿನ್ನಹ. ಪುಕ್ಕಟೆ ಆಟವನ್ನೋ ಬೀಗ ಮುರಿದ ತಂತ್ರಾಂಶವನ್ನೋ ಇಳಿಸಿಕೊಳ್ಳುವವರು ಹೆಚ್ಚಾಗಿ ಮಕ್ಕಳು. ಕಡತಗಳ ಹೆಸರು ಬದಲಾಗುತ್ತಿರುವುದನ್ನು ಮೊದಲು ಕಾಣುವವರೂ ಅವರೇ. ಬೈಗುಳಕ್ಕೆ ಹೆದರಿ ಮಗುವು ಯಂತ್ರವನ್ನು ಮುಚ್ಚಿಟ್ಟು ಸುಮ್ಮನಾದರೆ, ಮರುದಿನ ತಂದೆಯವರು ಏನೂ ಅರಿಯದೆ ಅದಕ್ಕೆ ಪೆನ್‌ಡ್ರೈವ್ ಹಾಕುತ್ತಾರೆ. ಓಡಿಬಂದು ಹೇಳಿದ ಮಗುವನ್ನು ಆ ಹೊತ್ತಿನಲ್ಲಿ ಗದರಿಸಬೇಡಿರಿ. ಮೊದಲು ತಂತಿಯನ್ನು ಕೀಳಿರಿ. ವಿದ್ಯಾರ್ಥಿಗಳೆ, ಶಾಲೆಯ ಯಂತ್ರದಲ್ಲಿ ಇಂಥದನ್ನು ಕಂಡವರು ನೇರವಾಗಿ ನಮ್ಮ ಕೋಣೆಗೆ ಬನ್ನಿರಿ. ಯಾರು ಮಾಡಿದರೆಂದು ನಾವು ಕೇಳುವುದಿಲ್ಲ.

ಕೊನೆಯದಾಗಿ ಪ್ರತಿಯ ವಿಷಯ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ ಬೀಗ ಬಿದ್ದಿತು. ದೇಶದ ಹೆಸರಾಂತ ವೈದ್ಯರು ಹಲವು ದಿನಗಳ ಕಾಲ ಕಾಗದ, ಲೇಖನಿಗಳನ್ನು ಹಿಡಿದು ರೋಗಿಗಳ ಹೆಸರು ಬರೆದುಕೊಂಡರು. ಕಡೆಗೆ ಆಸ್ಪತ್ರೆಯ ಮಾಹಿತಿಯು ಹಿಂದಿರುಗಿದುದು ಪಿಡುಗು ಮುಟ್ಟದೆ ಉಳಿದಿದ್ದ ಮತ್ತೊಂದು ಸರ್ವರಿನಲ್ಲಿದ್ದ ಪ್ರತಿಯಿಂದ. ತಿಳಿದವರು ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಸ್ಥಳದಲ್ಲಿರಲಿ ಎನ್ನುತ್ತಾರೆ. ಸದಾ ಯಂತ್ರಕ್ಕೆ ಚುಚ್ಚಿಯೇ ಇರುವ ಡಿಸ್ಕನ್ನು ನಾವು ಪ್ರತಿಯೆಂದು ಎಣಿಸುವುದಿಲ್ಲ. ಆಗಾಗ ಒಂದು ಕಡತವನ್ನು ಪ್ರತಿಯಿಂದ ತೆರೆದು ನೋಡದಿದ್ದರೆ ಅದೂ ಇದ್ದಂತಲ್ಲ.

ನಮ್ಮ ಶಾಲೆಯಲ್ಲಿ ಈ ಏರ್ಪಾಡು ಮಾಡಿದ್ದೇವೆ. ಪ್ರತಿ ಶನಿವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಇಬ್ಬರು ಉಪಾಧ್ಯಾಯರು ಕಡತಗಳನ್ನು ಒಂದು ಡಿಸ್ಕಿಗೆ ನಕಲು ಮಾಡಿ, ತಂತಿ ಬಿಡಿಸಿ, ದಾಖಲಾತಿ ಪುಸ್ತಕಗಳಿರುವ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಎರಡನೆಯ ಡಿಸ್ಕು ತಿಂಗಳಿಗೊಮ್ಮೆ ಸಂಘದ ಖಜಾಂಚಿಗಳ ಮನೆಗೆ ಹೋಗುತ್ತದೆ. ಮೂರನೆಯದಕ್ಕೆ ಹಣ ಸಾಲದು. ಆ ವಿಷಯವು ಇಂದಿನ ಸಭೆಯ ಕಾರ್ಯಕ್ರಮದಲ್ಲಿ ಐದನೆಯದಾಗಿದೆ. ಮನೆಯಲ್ಲಿ ಗಣಕಯಂತ್ರವುಳ್ಳ ಪೋಷಕರು ತಮ್ಮ ಡಿಸ್ಕನ್ನು ತಂದರೆ ಶನಿವಾರದ ದಿನ ನಕಲು ಮಾಡುವ ಕ್ರಮವನ್ನು ತೋರಿಸಿಕೊಡುವೆವು.